ಲ್ಯಾಪ್‌ಟಾಪ್ ಹೆಸರು ಬಿಡಿ, ವ್ಯಾಟ್ ಎಷ್ಟು ಕೇಳಿ

ಹೋದ ಸಲ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಗೊತ್ತಿಲ್ಲದವರಿಗೆ ಒಂದು ಮಾತು: ಕ್ಯಾಡ್ (ಕಂಪ್ಯೂಟರಿನಲ್ಲಿ ಡಿಸೈನ್ ಮಾಡೋದು), ರೆಂಡರಿಂಗ್ (ಆ ಡಿಸೈನನ್ನು ಫೋಟೋ ಥರದ ಚಿತ್ರವಾಗಿಸೋದು), ಸರ್ವೆ, ವಿಡಿಯೋ ಎಡಿಟಿಂಗ್ ತರಹದ ಭಾರದ ಕೆಲಸಕ್ಕೆ ಅಂತಲೇ ಮಾಡಿದ ಲ್ಯಾಪ್‌ಟಾಪ್ ಇದು. ಲೆನೊವೊದಲ್ಲಿ ಥಿಂಕ್‌ಪ್ಯಾಡ್ ಪಿ, ಎಚ್‌ಪಿಯಲ್ಲಿ ಝಡ್‌ಬುಕ್, ಡೆಲ್‌ನಲ್ಲಿ ಇಷ್ಟು ವರ್ಷ ಪ್ರಿಸಿಷನ್, 2025ರಿಂದ ಪ್ರೊ ಮ್ಯಾಕ್ಸ್. ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ‘ಯಾವುದು ಬೆಸ್ಟ್’ ಅಂತಲೇ ಕೇಳಿದ್ದಾರೆ. ಹಾಗೆ ಒಂದು ಇಲ್ಲ. ಒಂದನ್ನು ಕೊಡೋದಕ್ಕೆ ಇನ್ನೊಂದನ್ನು ಕಿತ್ತುಕೊಂಡಿರುತ್ತಾರೆ, ಕೊಟ್ಟಿದ್ದು ಜಾಹೀರಾತಿನಲ್ಲಿ ಇರುತ್ತದೆ, ಕಿತ್ತುಕೊಂಡಿದ್ದು ಇರೋದಿಲ್ಲ. ಅದನ್ನು ನಾವೇ ಹುಡುಕಬೇಕು.

ಪ್ರಶ್ನೆ: ನಮ್ಮದು ಜಿಗ್, ಫಿಕ್ಸ್ಚರ್ ಡಿಸೈನ್ ಮಾಡುವ ಸಣ್ಣ ಆಫೀಸು. ಸಾಲಿಡ್‌ವರ್ಕ್ಸ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಬಳಸುತ್ತೇವೆ, ಒಂದೊಂದು ಅಸೆಂಬ್ಲಿಯಲ್ಲಿ 800ರಿಂದ 1000 ಪಾರ್ಟ್ ಇರುತ್ತವೆ. ಒಬ್ಬ ಡೀಲರ್ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ ಅಂತಾರೆ. ಇನ್ನೊಬ್ಬರು ಅದಕ್ಕಿಂತ ಜಾಸ್ತಿ ರೇಟಿಗೆ ಆರ್‌ಟಿಎಕ್ಸ್ 2000 ಎಡಾ ಇರುವ ವರ್ಕ್‌ಸ್ಟೇಷನ್ ತೋರಿಸುತ್ತಾರೆ. ನಂಬರ್ ನೋಡಿದರೆ 4070 ದೊಡ್ಡದಲ್ವಾ ಸರ್?
— ಡಿಸೈನ್ ಎಂಜಿನಿಯರ್, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ದೊಡ್ಡದೇ. ಗೇಮ್ ಆಡೋದಾದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಲ್ಯಾಪ್‌ಟಾಪಿನ 2000 ಎಡಾ ಒಳಗೆ ಇರುವುದು ಹೆಚ್ಚು ಕಡಿಮೆ ಲ್ಯಾಪ್‌ಟಾಪಿನ 4060 ಚಿಪ್ಪೇ, ಎರಡರಲ್ಲೂ 3072 ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕ), 8 ಜಿಬಿ ಮೆಮೊರಿ. 4070ಗೆ ಸಮನಾದದ್ದು 3000 ಎಡಾ, ಅಲ್ಲೂ 4608 ಕೋರ್, ಇಲ್ಲೂ 4608. ಅಂದರೆ ಎರಡನೇ ಡೀಲರ್ ಒಂದು ಮೆಟ್ಟಿಲು ಕೆಳಗಿನ ಚಿಪ್ಪನ್ನು ಜಾಸ್ತಿ ದುಡ್ಡಿಗೆ ಮಾರುತ್ತಿದ್ದಾರೆ. ಆದರೂ ಅವರು ಮೋಸ ಮಾಡುತ್ತಿಲ್ಲ.

ಆ ಜಾಸ್ತಿ ದುಡ್ಡು ಹೋಗುವುದು ಡ್ರೈವರ್‌ಗೆ, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರಿಗೆ. ಸಾಲಿಡ್‌ವರ್ಕ್ಸ್ ಕಂಪನಿಯವರು ಯಾವ ಕಾರ್ಡ್, ಯಾವ ಡ್ರೈವರ್ ವರ್ಷನ್ ಪರೀಕ್ಷೆ ಮಾಡಿ ಒಪ್ಪಿದ್ದೇವೆ ಅಂತ ಪಟ್ಟಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ವರ್ಕ್‌ಸ್ಟೇಷನ್ ಕಾರ್ಡುಗಳು ಇರುತ್ತವೆ, ಗೇಮಿಂಗ್ ಕಾರ್ಡು ಇರೋದಿಲ್ಲ. ಗೇಮಿಂಗ್ ಕಾರ್ಡಿನಲ್ಲಿ ಸಾಫ್ಟ್‌ವೇರ್ ಓಡುವುದೇ ಇಲ್ಲ ಅಂತಲ್ಲ, ಓಡುತ್ತದೆ. ಆದರೆ ಒಂದು ದಿನ ಸೆಕ್ಷನ್ ವ್ಯೂನಲ್ಲಿ ಗೆರೆ ಮಾಯವಾಯಿತು, ಮಾಡೆಲ್ ತಿರುಗಿಸುವಾಗ ಪರದೆ ಕಪ್ಪಾಯಿತು ಅಂತ ಸಪೋರ್ಟಿಗೆ ಬರೆದರೆ ಅವರು ಮೊದಲು ಕೇಳುವುದೇ ಕಾರ್ಡ್ ಯಾವುದು ಅಂತ. ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ವಿಷಯ ಇಬ್ಬರು ಡೀಲರ್‌ಗಳೂ ನಿಮಗೆ ಹೇಳಿರೋದಿಲ್ಲ. ನೀವು ಒಂದು ಡೈಮೆನ್ಷನ್ ಬದಲಾಯಿಸಿ ರೀಬಿಲ್ಡ್ ಒತ್ತಿದಾಗ ಕಾಯಿಸುವುದು ಗ್ರಾಫಿಕ್ಸ್ ಕಾರ್ಡ್ ಅಲ್ಲ, ಪ್ರೊಸೆಸರ್. ಅದೂ ಬಹುಪಾಲು ಒಂದೇ ಕೋರ್. ಒಂದು ಫೀಚರ್ ಆದ ಮೇಲೆ ಇನ್ನೊಂದು, ಸರದಿಯಲ್ಲೇ ಲೆಕ್ಕ ಆಗಬೇಕು. ಉಳಿದ ಹದಿನೈದು ಕೋರ್ ಕೈ ಕಟ್ಟಿ ಕೂತಿರುತ್ತವೆ. ಹಾಗಾಗಿ ನಿಮ್ಮ ಕೆಲಸಕ್ಕೆ ಒಂದೊಂದು ಕೋರ್ ಎಷ್ಟು ಜೋರಾಗಿ ಓಡುತ್ತದೆ ಅನ್ನೋದು ಮುಖ್ಯ, ಕಾರ್ಡಿನ ನಂಬರ್ ಆಮೇಲೆ. 800 ಪಾರ್ಟಿಗೆ 2000 ಎಡಾ ಸಾಕು. ಅದಕ್ಕಿಂತ ದೊಡ್ಡ ಕಾರ್ಡಿಗೆ ಹಾಕುವ ದುಡ್ಡಿನಲ್ಲಿ ಮೆಮೊರಿ 64 ಜಿಬಿ ಮಾಡಿಸಿ. ರೆಂಡರಿಂಗ್ ಕೂಡ ದಿನಾ ಮಾಡುತ್ತೀರಾದರೆ ಮಾತು ಬೇರೆ, ಆಗ ಕಾರ್ಡ್ ದೊಡ್ಡದು ಬೇಕು.

ಈಗ ತಲೆಬರಹದ ವಿಷಯ. ಕಾರ್ಡಿನ ಹೆಸರು ಒಂದೇ ಇದ್ದರೂ ಎರಡು ಲ್ಯಾಪ್‌ಟಾಪಿನಲ್ಲಿ ಅದು ಒಂದೇ ಥರ ಓಡೋದಿಲ್ಲ. ಈ ಕಾರ್ಡ್ ಮಾಡುವ ಎನ್‌ವಿಡಿಯಾದವರೇ ಲ್ಯಾಪ್‌ಟಾಪಿನ 4060ಗೆ 35ರಿಂದ 115 ವ್ಯಾಟ್ ವಿದ್ಯುತ್ ಅಂತ ಹಾಕಿದ್ದಾರೆ. ಯಾವ ಮಾಡೆಲ್‌ಗೆ ಎಷ್ಟು ಅಂತ ಲ್ಯಾಪ್‌ಟಾಪ್ ಕಂಪನಿ ತೀರ್ಮಾನ ಮಾಡುತ್ತದೆ. ತೆಳ್ಳನೆ ಮಾಡೆಲ್‌ಗೆ ಕಡಿಮೆ, ದಪ್ಪದ್ದಕ್ಕೆ ಜಾಸ್ತಿ. ಹೊರಗೆ ಸ್ಟಿಕ್ಕರ್ ಮಾತ್ರ ಒಂದೇ. ಒಂದೇ ಎಂಜಿನ್ನನ್ನು ಆಟೋಗೂ ಹಾಕಿ ಲಾರಿಗೂ ಹಾಕಿದ ಹಾಗೆ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಂ ಇನ್‌ಫರ್ಮೇಷನ್ ಒತ್ತಿ, ಅಲ್ಲಿ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ ಒಂದು ಸಾಲು ಇರುತ್ತದೆ. ಸೇಲ್ಸ್‌ನವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ. ಆಮೇಲೆ ನಿಮ್ಮ ಅತಿ ದೊಡ್ಡ ಅಸೆಂಬ್ಲಿಯನ್ನು ಪೆನ್‌ಡ್ರೈವಿನಲ್ಲಿ ತಗೊಂಡು ಹೋಗಿ, ಅವರ ಹತ್ತಿರ ಟ್ರಯಲ್ ವರ್ಷನ್ ಹಾಕಿಸೋಕೆ ಆದರೆ ಹಾಕಿಸಿ, ಇಪ್ಪತ್ತು ನಿಮಿಷ ತಿರುಗಿಸಿ ನೋಡಿ. ಐದು ನಿಮಿಷದ ಪರೀಕ್ಷೆಯಲ್ಲಿ ಎಲ್ಲ ಲ್ಯಾಪ್‌ಟಾಪೂ ಪಾಸಾಗುತ್ತದೆ.

ಬಿಲ್ ಆಫೀಸಿನ ಜಿಎಸ್‌ಟಿ ನಂಬರಿಗೆ ಹಾಕಿಸಿ. ಶೇ 18ರಷ್ಟು ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಹೊಂದಿಸಿಕೊಂಡರೆ ಎರಡು ಡೀಲರ್‌ಗಳ ನಡುವಿನ ಅಂತರವೂ ಸ್ವಲ್ಪ ಕರಗುತ್ತದೆ.

ಪ್ರಶ್ನೆ: ನಾನು ಆರ್ಕಿಟೆಕ್ಟ್. ರೆವಿಟ್‌ನಲ್ಲಿ ಮಾಡೆಲ್, ಎನ್‌ಸ್ಕೇಪ್‌ನಲ್ಲಿ ವಾಕ್‌ಥ್ರೂ. ವಾರಕ್ಕೆ ನಾಲ್ಕು ದಿನ ಸೈಟಿಗೆ ಓಡಾಟ. 16 ಇಂಚಿನ ದೊಡ್ಡ ವರ್ಕ್‌ಸ್ಟೇಷನ್ ತಗೊಳ್ಳೋಣ ಅಂದರೆ ಯಜಮಾನರು ‘ಅದನ್ನು ಹೊರೋದು ಯಾರು’ ಅಂತಾರೆ. ಬಜೆಟ್ ಮೂರು ಲಕ್ಷ.
— ಮಂಗಳೂರಿನ ಓದುಗರು

ಉತ್ತರ: ಯಜಮಾನರು ಸರಿಯಾಗೇ ಕೇಳಿದ್ದಾರೆ ಮೇಡಂ. ನಾನು ನನ್ನ ದೊಡ್ಡ ವರ್ಕ್‌ಸ್ಟೇಷನ್ ಚೀಲವನ್ನು ಒಂದು ಸಲ ನಮ್ಮ ಬೀದಿಯ ತರಕಾರಿ ಅಂಗಡಿ ತಕ್ಕಡಿ ಮೇಲೆ ಇಟ್ಟಿದ್ದೆ. ಲ್ಯಾಪ್‌ಟಾಪ್ ಒಂದೇ ಮೂರು ಕೆಜಿಗೆ ಐವತ್ತು ಗ್ರಾಂ ಕಡಿಮೆ. 230 ವ್ಯಾಟಿನ ಚಾರ್ಜರ್ ವಯರ್ ಸಮೇತ ಮುಕ್ಕಾಲು ಕೆಜಿಗಿಂತ ಜಾಸ್ತಿ, ಇಟ್ಟಿಗೆ ಥರ ಇದೆ. ಮೌಸು, ಹಾರ್ಡ್ ಡಿಸ್ಕು, ನೀರಿನ ಬಾಟಲಿ, ಒಂದು ಡೈರಿ ಸೇರಿ ಐದು ಕೆಜಿ ದಾಟಿತು. ಅಂಗಡಿಯವರು ‘ಏನ್ ಸಾರ್, ಈರುಳ್ಳಿನಾ’ ಅಂದರು. ಅದನ್ನು ಹೆಗಲಿಗೆ ಹಾಕಿಕೊಂಡು ಕೈಗಂಬಿ ಇಲ್ಲದ ಮೂರನೇ ಮಹಡಿ ಮೆಟ್ಟಿಲು ಹತ್ತಿ, ಟೈಲ್ಸ್ ಕತ್ತರಿಸುವ ದೂಳಿನಲ್ಲಿ ಸಿಮೆಂಟ್ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು ಕ್ಲೈಂಟಿಗೆ ಕಿಚನ್ ತೋರಿಸುವ ಸುಖ ಎಂಥದ್ದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ದಪ್ಪದ ಯಂತ್ರಗಳಲ್ಲಿ ಬರುವುದು ಇಂಟೆಲ್‌ನ ಎಚ್‌ಎಕ್ಸ್ ಚಿಪ್ಪು. ಸಾಮಾನ್ಯ ಓಟಕ್ಕೆ 55 ವ್ಯಾಟ್, ಜೋರು ಓಟಕ್ಕೆ 157 ವ್ಯಾಟಿನವರೆಗೆ ಎಳೆಯುತ್ತದೆ. ಅದರ ಜೊತೆ ಗ್ರಾಫಿಕ್ಸ್‌ಗೆ ನೂರು ಚಿಲ್ಲರೆ. ಇಷ್ಟು ಬಿಸಿ ಹೊರಗೆ ಹಾಕಬೇಕು ಅಂದರೆ ದೊಡ್ಡ ಫ್ಯಾನು, ತಾಮ್ರದ ಪೈಪು, ಜಾಗ, ಎಲ್ಲ ಬೇಕು. ಆ ತೂಕವೇ ನಿಮ್ಮ ಹೆಗಲ ಮೇಲೆ ಬರುವುದು. ಹಗುರ ಬೇಕು ಅಂದರೆ ವ್ಯಾಟ್ ಬಿಡಬೇಕು, ವ್ಯಾಟ್ ಬೇಕು ಅಂದರೆ ಹೊರಬೇಕು. ಎರಡೂ ಕೊಡುತ್ತೇವೆ ಅನ್ನುವವರು ಫ್ಯಾನಿನ ಸದ್ದಿನಲ್ಲಿ ಅದನ್ನು ವಸೂಲಿ ಮಾಡುತ್ತಾರೆ. ನಡುವೆ ಒಂದು ದಾರಿ ಇದೆ, ಥಿಂಕ್‌ಪ್ಯಾಡ್ ಪಿ1 ತರಹದ ಮಾಡೆಲ್‌ಗಳು, 2018ರಲ್ಲಿ ಶುರುವಾದದ್ದು, ಎರಡು ಕೆಜಿಯ ಒಳಗೆ ಸಿಗುತ್ತವೆ. ಚೆನ್ನಾಗಿವೆ, ಆದರೆ ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರು ಲಕ್ಷವನ್ನು ಒಂದೇ ಲ್ಯಾಪ್‌ಟಾಪಿಗೆ ಸುರಿಯುತ್ತಿರಲಿಲ್ಲ. ಆಫೀಸಿನಲ್ಲಿ ಒಳ್ಳೆ ಡೆಸ್ಕ್‌ಟಾಪ್, ಕೈಯಲ್ಲಿ ಒಂದೂವರೆ ಕೆಜಿಯ ಹಗುರ ಲ್ಯಾಪ್‌ಟಾಪ್. ಅದೇ ದುಡ್ಡಿನ ಡೆಸ್ಕ್‌ಟಾಪ್ ಕಾರ್ಡ್ ಲ್ಯಾಪ್‌ಟಾಪ್ ಕಾರ್ಡಿಗಿಂತ ಎಷ್ಟೋ ಜೋರು, ಹೆಸರು ಒಂದೇ ಇದ್ದರೂ. ರೆಂಡರ್ ಅಲ್ಲಿ ಆಗಲಿ. ಸೈಟಿನಲ್ಲಿ ಕ್ಲೈಂಟಿಗೆ ತೋರಿಸಲು ಎನ್‌ಸ್ಕೇಪ್‌ನಿಂದ ಮೊದಲೇ ತೆಗೆದ ವಿಡಿಯೋ, ಪನೋರಮಾ ಸಾಕು. ಗೋಡೆ ಎರಡಿಂಚು ಸರಿಸೋ ಅಷ್ಟು ಕೆಲಸಕ್ಕೆ ಹಗುರ ಲ್ಯಾಪ್‌ಟಾಪಿನ ರೆವಿಟ್ ಸಾಕು. ಅದಕ್ಕಿಂತ ಜಾಸ್ತಿ ಬೇಕು ಅಂದರೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಆಫೀಸಿನ ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗಿ. ನೆಟ್‌ವರ್ಕ್ ಇಲ್ಲದ ಘಟ್ಟದ ಕೆಳಗಿನ ಸೈಟು ನಿಮ್ಮಲ್ಲಿ ಜಾಸ್ತಿ ಇದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ, ಆಗ ಪಿ1 ಜಾತಿಯದ್ದನ್ನೇ ನೋಡಿ.

ದೊಡ್ಡದನ್ನೇ ತಗೊಂಡರೂ ಒಂದು ಉಪಾಯ ಇದೆ. ಯುಎಸ್‌ಬಿ ಸಿ ಚಾರ್ಜಿಂಗ್ ಮೊದಲು 100 ವ್ಯಾಟಿಗೆ ನಿಂತಿತ್ತು, 2021ರ ಹೊಸ ನಿಯಮದಲ್ಲಿ 240 ವ್ಯಾಟಿನವರೆಗೆ ಏರಿಸಿದರು. ನಿಮ್ಮ ಮಾಡೆಲ್ ಯುಎಸ್‌ಬಿ ಸಿಯಲ್ಲಿ ಚಾರ್ಜ್ ಆಗುತ್ತದಾ ಅಂತ ಕೇಳಿ. ಆಗುತ್ತದೆ ಅಂದರೆ ಇಟ್ಟಿಗೆಯನ್ನು ಆಫೀಸಿನಲ್ಲೇ ಬಿಟ್ಟು, ಸೈಟಿಗೆ 100 ವ್ಯಾಟಿನ ಪುಟ್ಟ ಚಾರ್ಜರ್ ಸಾಕು. ಅದರಲ್ಲಿ ರೆಂಡರ್ ಆಗೋದಿಲ್ಲ, ಡ್ರಾಯಿಂಗ್ ತೆರೆದು ತಿದ್ದಬಹುದು.

ಪ್ರಶ್ನೆ: ಡ್ರೋನ್ ಸರ್ವೆ ಮಾಡುತ್ತೇವೆ. ಬೆಂಗಳೂರಿನ ಶೋರೂಮಿನಲ್ಲಿ ಚೆನ್ನಾಗಿ ಓಡಿದ ತೆಳ್ಳನೆ ಲ್ಯಾಪ್‌ಟಾಪ್ ಊರಿಗೆ ತಂದ ಮೇಲೆ ಹತ್ತು ನಿಮಿಷಕ್ಕೆ ಸುಸ್ತಾಗುತ್ತದೆ. ಏಪ್ರಿಲ್, ಮೇನಲ್ಲಂತೂ ಕೇಳಲೇಬೇಡಿ. ಪೀಸ್ ಕೆಟ್ಟಿದೆಯಾ?
— ಕಲಬುರಗಿಯ ಓದುಗರು

ಉತ್ತರ: ಪೀಸ್ ಕೆಟ್ಟಿಲ್ಲ, ನಿಮ್ಮೂರಿನ ಬಿಸಿಲನ್ನು ಅದರ ಡಿಸೈನ್ ಮಾಡಿದವರು ನೋಡಿಲ್ಲ. ಒಂದು ಒರಟು ಲೆಕ್ಕ ಹಾಕೋಣ. ಈ ಚಿಪ್ಪುಗಳಲ್ಲಿ ಹೆಚ್ಚಿನವು ಸುಮಾರು 100 ಡಿಗ್ರಿ ಮುಟ್ಟಿದ ಕೂಡಲೇ ತಾವೇ ವೇಗ ಇಳಿಸಿಕೊಳ್ಳುತ್ತವೆ. ಬಿಸಿ ಹೊರಗೆ ಹೋಗುವುದು ಚಿಪ್ಪಿಗೂ ಕೋಣೆಯ ಗಾಳಿಗೂ ಇರುವ ಅಂತರದ ಮೇಲೆ. ಶೋರೂಮಿನ ಎಸಿಯಲ್ಲಿ ಗಾಳಿ 22 ಡಿಗ್ರಿ, ಅಂತರ 78. ನಿಮ್ಮ ಕೋಣೆಯಲ್ಲಿ ಮಧ್ಯಾಹ್ನ 42 ಡಿಗ್ರಿ, ಅಂತರ 58. ಅಂದರೆ ಅಲ್ಲಿ 100 ವ್ಯಾಟ್ ಬಿಸಿ ಹೊರಹಾಕುತ್ತಿದ್ದ ಅದೇ ಫ್ಯಾನು ಇಲ್ಲಿ 75 ವ್ಯಾಟಿನ ಆಸುಪಾಸಿಗೆ ಸೋಲುತ್ತದೆ. ದಪ್ಪ ಲ್ಯಾಪ್‌ಟಾಪಿನಲ್ಲಿ ಮೊದಲೇ ಸ್ವಲ್ಪ ಜಾಗ ಬಿಟ್ಟಿರುತ್ತಾರೆ, ಹಾಗಾಗಿ ನಷ್ಟ ಕಾಣೋದಿಲ್ಲ. ತೆಳ್ಳನೆಯದು ಶೋರೂಮಿನಲ್ಲೇ ಗಡಿ ಮೇಲೆ ನಿಂತಿತ್ತು.

ಸಮಾಧಾನದ ವಿಷಯ ಏನಂದರೆ ಕೊನೆಯ ಸ್ವಲ್ಪ ವೇಗಕ್ಕೆ ಚಿಪ್ಪು ವಿಪರೀತ ವ್ಯಾಟ್ ತಿನ್ನುತ್ತದೆ. ವೇಗ ಏರಿಸಬೇಕಾದರೆ ವೋಲ್ಟೇಜೂ ಏರಿಸಬೇಕು, ವೋಲ್ಟೇಜಿನ ವರ್ಗದಷ್ಟು ವಿದ್ಯುತ್ ಖರ್ಚು. ಲಾರಿಯನ್ನು 80ರಿಂದ 100ಕ್ಕೆ ಏರಿಸಿದರೆ ಡೀಸೆಲ್ ಹೇಗೆ ಹಾರುತ್ತದೆ, ಹಾಗೇ. ಆದ್ದರಿಂದ ಕಂಪನಿಯ ಸಾಫ್ಟ್‌ವೇರಿನಲ್ಲಿ ‘ಪರ್ಫಾರ್ಮೆನ್ಸ್’ ಬಿಟ್ಟು ‘ಬ್ಯಾಲೆನ್ಸ್ಡ್’ ಇಡಿ. ಬೇಸಿಗೆಯಲ್ಲಿ ದೊಡ್ಡ ಪ್ರೊಸೆಸಿಂಗ್ ಪೂರ್ತಿ ಸಮಾಧಾನವಾಗಿ ಒಂದೇ ವೇಗದಲ್ಲಿ ಓಡುವುದು, ಓಡಿ ನಿಂತು ಏದುಸಿರು ಬಿಟ್ಟು ಮತ್ತೆ ಓಡುವುದಕ್ಕಿಂತ ಬೇಗ ಮುಗಿದರೂ ಮುಗಿಯಬಹುದು. ರಾತ್ರಿ ಹಚ್ಚಿ ಮಲಗಿ. ಹಿಂಭಾಗಕ್ಕೆ ಎರಡು ಪುಸ್ತಕ ಕೊಟ್ಟು ಎತ್ತಿಡಿ, ಗಾಳಿ ಬರುವ ತೂತುಗಳು ಹೆಚ್ಚಾಗಿ ಕೆಳಗೇ ಇರುತ್ತವೆ. ಹಾಸಿಗೆ ಮೇಲೆ ಮಾತ್ರ ಬೇಡ.

ಮತ್ತೆ ದೂಳು. ನನ್ನ ಹತ್ತಿರ ಒಂದು ತೆಳ್ಳನೆ ಲ್ಯಾಪ್‌ಟಾಪ್ ಇತ್ತು, ಕಂಪನಿ ಹೆಸರು ಬೇಡ. ಎರಡು ವರ್ಷಕ್ಕೆ ವಿಡಿಯೋ ಎಕ್ಸ್‌ಪೋರ್ಟ್ ಅರ್ಧ ಗಂಟೆಯಿಂದ ಐವತ್ತು ನಿಮಿಷಕ್ಕೆ ಬಂತು. ಸರ್ವಿಸ್‌ನವರು ಮದರ್‌ಬೋರ್ಡ್ ಬದಲಾಯಿಸಬೇಕು ಅಂದರು. ವಾರಂಟಿ ಹೇಗೂ ಮುಗಿದಿತ್ತು, ಮನೆಯಲ್ಲೇ ಕೆಳಗಿನ ಮುಚ್ಚಳ ಬಿಚ್ಚಿದೆ. ಫ್ಯಾನು ನೋಡೋದಕ್ಕೆ ಚೊಕ್ಕವಾಗಿತ್ತು. ಫ್ಯಾನಿಗೂ ತಾಮ್ರದ ಎಸಳುಗಳಿಗೂ ಮಧ್ಯೆ, ಹೊರಗಿನಿಂದ ಕಾಣದ ಜಾಗದಲ್ಲಿ, ಬೂದು ಬಣ್ಣದ ಕಂಬಳಿ ತುಂಡಿನ ಹಾಗೆ ದೂಳು ಹೆಪ್ಪುಗಟ್ಟಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಇಡೀ ಪಟ್ಟಿ ಒಂದೇ ಸಲಕ್ಕೆ ಬಂತು. ಮಾರನೇ ದಿನ ಎಕ್ಸ್‌ಪೋರ್ಟ್ ಮತ್ತೆ ಅರ್ಧ ಗಂಟೆ. ನಿಮ್ಮ ಭಾಗದಲ್ಲಿ ಆರು ತಿಂಗಳಿಗೊಮ್ಮೆ ಇದನ್ನು ಮಾಡಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ಎಲೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಬೇಕು, ಗಾಳಿಗೆ ಗಿರ್ರನೆ ತಿರುಗಿದರೆ ಬೇರಿಂಗ್ ಹಾಳು. ಮುಂದಿನ ಸಲ ಕೊಳ್ಳುವಾಗ ಮುಚ್ಚಳ ಸಾಮಾನ್ಯ ಸ್ಕ್ರೂನಲ್ಲಿ ಬಿಚ್ಚಿಕೊಳ್ಳುತ್ತದಾ ಅಂತ ತಿರುಗಿಸಿ ನೋಡಿ, ಇದು ಕಲಬುರಗಿಯವರಿಗೆ 4ಕೆ ಪರದೆಗಿಂತ ಮುಖ್ಯ.

ಪ್ರಶ್ನೆ: ಮೆಮೊರಿ ಬೋರ್ಡಿಗೇ ಬೆಸುಗೆ ಹಾಕಿದ ಲ್ಯಾಪ್‌ಟಾಪ್ ತಗೊಳ್ಳಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ಕಂಪನಿಯವರು ಯಾಕೆ ಹಾಗೆ ಮಾಡುತ್ತಾರೆ? ದುಡ್ಡಿನ ಆಸೆಗಾ?
— ಮೈಸೂರಿನ ಓದುಗರು

ಉತ್ತರ: ಆಸೆ ಇಲ್ಲ ಅನ್ನಲಾರೆ. ಆದರೆ ಅದೊಂದೇ ಅಲ್ಲ. ಬೆಸುಗೆ ಹಾಕುವ ಎಲ್‌ಪಿಡಿಡಿಆರ್ ಮೆಮೊರಿ ಕಡಿಮೆ ವಿದ್ಯುತ್ ತಿನ್ನುತ್ತದೆ, ಪ್ರೊಸೆಸರ್ ಪಕ್ಕದಲ್ಲೇ ಕೂರುವುದರಿಂದ ಜೋರಾಗಿಯೂ ಓಡುತ್ತದೆ, ಜಾಗವೂ ಕಡಿಮೆ. ಸ್ಲಾಟಿನಲ್ಲಿ ಹಾಕುವ ಮೆಮೊರಿಗೆ ದಾರಿ ಉದ್ದ, ದಾರಿ ಉದ್ದವಾದಷ್ಟೂ ಸಿಗ್ನಲ್ ಕೆಡುತ್ತದೆ. ನಾಲ್ಕು ಸ್ಲಾಟ್ ಇರುವ ದೊಡ್ಡ ವರ್ಕ್‌ಸ್ಟೇಷನ್‌ನಲ್ಲಿ ನಾಲ್ಕನ್ನೂ ತುಂಬಿದರೆ 5600ರ ವೇಗದಲ್ಲಿ ಓಡಬೇಕಾದ ಡಿಡಿಆರ್5 ಮೆಮೊರಿ 4000ಕ್ಕೋ ಅದಕ್ಕೂ ಕೆಳಗೋ ಇಳಿಯುವುದುಂಟು. ಜಾಸ್ತಿ ಮೆಮೊರಿ ಬೇಕಾ, ಜೋರು ಮೆಮೊರಿ ಬೇಕಾ ಅನ್ನೋ ಪ್ರಶ್ನೆ ಇಲ್ಲೂ ಇದೆ.

ಇದಕ್ಕೆ ಮಧ್ಯದ ದಾರಿ ಅಂತ 2022ರಲ್ಲಿ ಡೆಲ್ ತನ್ನ ಪ್ರಿಸಿಷನ್‌ನಲ್ಲಿ ಕ್ಯಾಮ್ ಅನ್ನುವ ಹೊಸ ಥರದ ಮಾಡ್ಯೂಲ್ ತಂದಿತು. ಚಪ್ಪಟೆ ಹಲಗೆ, ಬೋರ್ಡಿನ ಮೇಲೆ ಒತ್ತಿ ಸ್ಕ್ರೂ ಹಾಕುವುದು. 2023ರ ಡಿಸೆಂಬರಿನಲ್ಲಿ ಅದು ಎಲ್ಲ ಕಂಪನಿಗಳಿಗೂ ಒಂದೇ ಮಾನದಂಡವಾಯಿತು. 2024ರ ಥಿಂಕ್‌ಪ್ಯಾಡ್ ಪಿ1 ಏಳನೇ ಪೀಳಿಗೆಯಲ್ಲಿ ಅದರದೇ ಎಲ್‌ಪಿಡಿಡಿಆರ್ ರೂಪ ಬಂತು, ಬೆಸುಗೆಯ ಲಾಭವೂ ಇದೆ, ಬಿಚ್ಚಲೂ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಬಿಡಿಯಾಗಿ ಸಲೀಸಾಗಿ ಸಿಗುವ ಕಾಲ ಇನ್ನೂ ಬರಬೇಕು.

ನನ್ನ ಅಭಿಪ್ರಾಯ ಇಷ್ಟೇ. ನಿಮಗೆ ಮುಂದಿನ ನಾಲ್ಕು ವರ್ಷಕ್ಕೆ ಎಷ್ಟು ಬೇಕು ಅಂತ ಖಾತ್ರಿ ಗೊತ್ತಿದ್ದರೆ ಬೆಸುಗೆಯದ್ದು ತಗೊಳ್ಳಿ, ಮೊದಲ ದಿನವೇ ಅಷ್ಟನ್ನೂ ಹಾಕಿಸಿ. ಗೊತ್ತಿಲ್ಲ, ಈಗ ದುಡ್ಡೂ ಇಲ್ಲ, ಆಮೇಲೆ ಹಾಕಿಸಿಕೊಳ್ಳುತ್ತೇನೆ ಅನ್ನುವವರು ಸ್ಲಾಟಿನದ್ದೇ ತಗೊಳ್ಳಿ. ಸ್ಲಾಟ್ ಎಲ್ಲಿದೆ ಅಂತಲೂ ಕೇಳಿ, ಕೆಲವು ಮಾಡೆಲ್‌ಗಳಲ್ಲಿ ಎರಡು ಸ್ಲಾಟ್ ಕೀಬೋರ್ಡಿನ ಅಡಿಯಲ್ಲಿ ಇರುತ್ತವೆ, ಅದನ್ನು ಬಿಚ್ಚುವುದೇ ಒಂದು ಯಜ್ಞ.

ಪ್ರಶ್ನೆ: ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ, ಡಾವಿಂಚಿ ರಿಸಾಲ್ವ್‌ನಲ್ಲಿ. ಕರೆಂಟ್ ಹೋದಾಗ ನನ್ನ ವಿಂಡೋಸ್ ವರ್ಕ್‌ಸ್ಟೇಷನ್ ಮುಕ್ಕಾಲು ಗಂಟೆ ಕೂಡ ಬರೋದಿಲ್ಲ, ಜೊತೆಗೆ ನಿಧಾನವೂ ಆಗುತ್ತದೆ. ಗೆಳೆಯರು ಮ್ಯಾಕ್‌ಬುಕ್ ಪ್ರೊ ತಗೋ ಅಂತಾರೆ.
— ದಾವಣಗೆರೆಯ ಓದುಗರು

ಉತ್ತರ: ನಿಮಗೆ ಮ್ಯಾಕ್ ಸರಿ. ಕಾರಣ ಹೇಳುತ್ತೇನೆ. ವಿಮಾನದಲ್ಲಿ 100 ವ್ಯಾಟ್‌ಅವರ್‌ಗಿಂತ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ ಇದು) ದೊಡ್ಡ ಬ್ಯಾಟರಿ ಒಯ್ಯಬೇಕಾದರೆ ವಿಮಾನ ಕಂಪನಿಯ ಅನುಮತಿ ಬೇಕು. ಹಾಗಾಗಿ ಎಷ್ಟೇ ದೊಡ್ಡ ಲ್ಯಾಪ್‌ಟಾಪ್ ಮಾಡಿದರೂ ಬ್ಯಾಟರಿಯನ್ನು ಆ ಗೆರೆಯ ಒಳಗೇ ಇಡುತ್ತಾರೆ. ಈಗ ಲೆಕ್ಕ ನೀವೇ ಹಾಕಿ: 100 ವ್ಯಾಟ್‌ಅವರ್ ಬ್ಯಾಟರಿ, 150 ವ್ಯಾಟ್ ಎಳೆಯುವ ಯಂತ್ರ, 40 ನಿಮಿಷಕ್ಕೆ ಖಾಲಿ. ಹೋಗಲಿ ಅಂದರೆ ಬ್ಯಾಟರಿ ಒಂದೇ ಸಲಕ್ಕೆ 200 ವ್ಯಾಟ್ ಕೊಡೋಕೂ ಆಗೋದಿಲ್ಲ, ಅದಕ್ಕೇ ಚಾರ್ಜರ್ ತೆಗೆದ ಕೂಡಲೇ ಯಂತ್ರ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮ್ಮದು ಕೆಟ್ಟಿಲ್ಲ, ಅದರ ಹಣೆಬರಹವೇ ಅಷ್ಟು.

2020ರಲ್ಲಿ ಆಪಲ್ ಇಂಟೆಲ್ ಬಿಟ್ಟು ತನ್ನದೇ ಎಂ1 ಚಿಪ್ಪಿಗೆ ಹೋದ ಮೇಲೆ ಈ ವಿಷಯದಲ್ಲಿ ಅವರದು ಬೇರೆಯೇ ಲೆಕ್ಕ. ಕಡಿಮೆ ವ್ಯಾಟಿನಲ್ಲಿ ಕೆಲಸ ಮುಗಿಸುತ್ತದೆ, ಚಾರ್ಜರ್ ಇದ್ದರೂ ಇಲ್ಲದಿದ್ದರೂ ಹೆಚ್ಚು ಕಡಿಮೆ ಒಂದೇ ವೇಗ. ವಿಡಿಯೋ ಬಿಚ್ಚಿ ಜೋಡಿಸುವುದಕ್ಕೆ ಚಿಪ್ಪಿನಲ್ಲೇ ಪ್ರತ್ಯೇಕ ಭಾಗ ಇದೆ. ಪ್ರೊಸೆಸರ್‌ಗೂ ಗ್ರಾಫಿಕ್ಸ್‌ಗೂ ಮೆಮೊರಿ ಒಂದೇ, ಹಂಚಿಕೊಳ್ಳುತ್ತವೆ. ಆದರೆ ಕಿತ್ತುಕೊಂಡಿದ್ದೂ ದೊಡ್ಡದೇ: ಮೆಮೊರಿ, ಸ್ಟೋರೇಜ್ ಎರಡನ್ನೂ ನೀವು ಆಮೇಲೆ ಏರಿಸೋಕೆ ಆಗೋದಿಲ್ಲ. ಕೊಳ್ಳುವಾಗಲೇ ಜಾಸ್ತಿ ಹಾಕಿಸಿದರೆ ಆಪಲ್ ತಗೊಳ್ಳುವ ರೇಟು ನೋಡಿ ನೀವು ಎರಡು ಮದುವೆ ಜಾಸ್ತಿ ಒಪ್ಪಿಕೊಳ್ಳಬೇಕಾಗುತ್ತದೆ. ಮೆಮೊರಿ ಜಾಸ್ತಿ ಹಾಕಿಸಿ, ಸ್ಟೋರೇಜಿಗೆ ಹೊರಗಿನ ಎಸ್‌ಎಸ್‌ಡಿ ಇಟ್ಟುಕೊಳ್ಳಿ.

ಈ ಉತ್ತರ ಓದಿ ಹುಬ್ಬಳ್ಳಿಯವರೂ ಮಂಗಳೂರಿನವರೂ ಮ್ಯಾಕ್ ಕೊಂಡುಬಿಡಬೇಡಿ. ಸಾಲಿಡ್‌ವರ್ಕ್ಸ್, ರೆವಿಟ್, ತ್ರೀಡಿಎಸ್ ಮ್ಯಾಕ್ಸ್ ಇವಕ್ಕೆ ಮ್ಯಾಕ್ ವರ್ಷನ್ ಇಲ್ಲ.

ಪ್ರಶ್ನೆ: ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ. ಬರಿಗಾಲಿನಲ್ಲಿ ಇದ್ದರೆ ಜಾಸ್ತಿ. ಹಳೇ ಮನೆ, ಮನೆಯಿಂದಲೇ ಡಿಸೈನ್ ಕೆಲಸ. ಹೊಸದು ತಗೊಳ್ಳುವಾಗ ಪ್ಲಾಸ್ಟಿಕ್ ಬಾಡಿಯದ್ದೇ ತಗೊಳ್ಳಬೇಕಾ?
— ಶಿರಸಿ ಹತ್ತಿರದ ಓದುಗರು

ಉತ್ತರ: ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಲ್ಯಾಪ್‌ಟಾಪ್ ಆಮೇಲೆ. ಬಹುಶಃ ನಿಮ್ಮ ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಇಲ್ಲ, ಅಥವಾ ಮೂರು ಪಿನ್ನನ್ನು ಎರಡು ಪಿನ್ ಮಾಡುವ ಕನ್ವರ್ಟರ್ ಹಾಕಿದ್ದೀರಿ. ಚಾರ್ಜರ್ ಒಳಗೆ ವಿದ್ಯುತ್ತಿನ ಗದ್ದಲ (ಕಿವಿಗೆ ಕೇಳುವ ಸದ್ದಲ್ಲ) ತಡೆಯೋಕೆ ಅಂತ ಪುಟ್ಟ ಕೆಪಾಸಿಟರ್ ಇರುತ್ತವೆ. ಅವುಗಳಿಂದ ಒಂದು ಚೂರು ಕರೆಂಟ್ ಸೋರುತ್ತದೆ, ಅರ್ಥ್ ಇದ್ದರೆ ಅದು ಭೂಮಿಗೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಯೂಮಿನಿಯಂ ಮೈಗೆ ಬಂದು ನಿಮ್ಮ ಕೈ ಹುಡುಕುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ ನೋಡಿ. ಚಾರ್ಜರ್ ಸರಿ ಇದ್ದರೆ ಈ ಜುಮ್ ಜೀವಕ್ಕೆ ಅಪಾಯ ಅಲ್ಲ, ಆದರೆ ಅರ್ಥಿಂಗ್ ಇಲ್ಲದ ಮನೆಯಲ್ಲಿ ಗೀಸರ್, ಫ್ರಿಜ್ ಮುಟ್ಟುವುದು ಅಪಾಯವೇ.

ಪ್ಲಾಸ್ಟಿಕ್ ಬಾಡಿ ಇದ್ದರೆ ಜುಮ್ ಗೊತ್ತಾಗೋದಿಲ್ಲ, ಕೈಗೆ ಬಿಸಿಯೂ ಕಡಿಮೆ ತಾಗುತ್ತದೆ, ಅಷ್ಟೇ. ಲೋಹದ್ದು ಗಟ್ಟಿ, ಬಿಸಿಯನ್ನು ಹರಡುತ್ತದೆ, ಹಿಂಜ್ ಹತ್ತಿರ ಸೀಳೋದಿಲ್ಲ. ಅರ್ಥ್ ಸರಿ ಮಾಡಿಸಿದ ಮೇಲೆ ನಾನಾದರೆ ಲೋಹದ್ದೇ ತಗೊಳ್ಳುತ್ತೇನೆ.

ಪ್ರಶ್ನೆ: 4ಕೆ ಓಎಲ್‌ಇಡಿ ಪರದೆಗೆ ಹದಿನೆಂಟು ಸಾವಿರ ಜಾಸ್ತಿ ಕೇಳುತ್ತಾರೆ. ಕ್ಯಾಡ್ ಕೆಲಸಕ್ಕೆ ಬೇಕಾ?
— ಪೀಣ್ಯ, ಬೆಂಗಳೂರು

ಉತ್ತರ: ಬೇಡ. ದಿನಕ್ಕೆ ಹತ್ತು ಗಂಟೆ ಒಂದೇ ಜಾಗದಲ್ಲಿ ಒಂದೇ ಟೂಲ್‌ಬಾರ್ ನಿಂತಿದ್ದರೆ ಓಎಲ್‌ಇಡಿಯಲ್ಲಿ ಅದರ ಅಚ್ಚು ಕೂರುವ ಭಯ ಇದೆ. 4ಕೆ ಬ್ಯಾಟರಿ ತಿನ್ನುತ್ತದೆ, ಹಳೇ ಸಾಫ್ಟ್‌ವೇರಿನ ಐಕಾನು ಸಾಸಿವೆ ಕಾಳಿನಷ್ಟಾಗುತ್ತವೆ. ಹೊಳಪಿಲ್ಲದ ಮ್ಯಾಟ್ ಪರದೆ, 16:10 ಅಳತೆ, ಇಷ್ಟು ನೋಡಿಕೊಳ್ಳಿ. ಉಳಿದ ದುಡ್ಡಿಗೆ ಟೇಬಲ್ ಮೇಲೆ ಒಂದು 27 ಇಂಚಿನ ಮಾನಿಟರ್ ಬರುತ್ತದೆ.

ಪ್ರಶ್ನೆ: ಮಗ ಸಿವಿಲ್ ಎಂಜಿನಿಯರಿಂಗ್ ಸೇರುತ್ತಿದ್ದಾನೆ. ವರ್ಕ್‌ಸ್ಟೇಷನ್ನೇ ಬೇಕು ಅಂತ ಹಟ.
— ಶಿವಮೊಗ್ಗದ ತಾಯಿ

ಉತ್ತರ: ಬೇಡ ಅಮ್ಮ. ಆಟೊಕ್ಯಾಡ್‌ಗೆ 16 ಜಿಬಿ ಮೆಮೊರಿ, 512 ಜಿಬಿ ಎಸ್‌ಎಸ್‌ಡಿ ಇರುವ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಅವನಿಗೆ ಬೇಕಿರೋದು ಬೇರೆ ಏನೋ ಆಡೋದಕ್ಕೆ ಅಂತ ನನ್ನ ಅನುಮಾನ.

ಪ್ರಶ್ನೆ: ನಾನು ಜರ್ಮನಿಯಲ್ಲಿದ್ದೇನೆ. ಹಾಸನದಲ್ಲಿರುವ ತಮ್ಮನಿಗೆ ಇಲ್ಲಿಂದ ವರ್ಕ್‌ಸ್ಟೇಷನ್ ತಂದುಕೊಡಬಹುದಾ?
— ಮ್ಯೂನಿಕ್‌ನ ಓದುಗರು

ಉತ್ತರ: ತರಬಹುದು. 18 ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕ ಇಲ್ಲದೆ ತರಲು ಅವಕಾಶ ಇದೆ. ಆದರೆ ಅದು ನಿಮ್ಮದೇ ಲ್ಯಾಪ್‌ಟಾಪ್ ಜೊತೆಗೆ ಎರಡನೆಯದು ಆಗಬಾರದು, ಅದನ್ನು ಮರೆಯಬೇಡಿ. ಅಲ್ಲಿನ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಅದಲು ಬದಲು, ತಮ್ಮ ಮಾಡಿದ್ದನ್ನು ಅನ್‌ಡೂ ಮಾಡೋಕೆ ಕಂಟ್ರೋಲ್ ಝಡ್ ಒತ್ತಿದಾಗೆಲ್ಲ ನಿಮ್ಮನ್ನು ನೆನೆಯುತ್ತಾನೆ. ಅಮೆರಿಕನ್ ಇಂಗ್ಲಿಷ್ ಕೀಬೋರ್ಡ್ ಅಂತ ಆರ್ಡರ್ ಮಾಡುವಾಗಲೇ ಆರಿಸಿ. ಚಾರ್ಜರಿಗೆ ಕನ್ವರ್ಟರ್ ಪಿನ್ ಹಾಕಬೇಡಿ, ಗೋಡೆಯಿಂದ ಚಾರ್ಜರ್‌ವರೆಗಿನ ವಯರ್ ಬಿಚ್ಚಿಕೊಳ್ಳುತ್ತದೆ, ನಮ್ಮ ಮೂರು ಪಿನ್ನಿನದ್ದು ಹಾಸನದಲ್ಲೇ ಸಿಗುತ್ತದೆ. ವಾರಂಟಿ ಭಾರತದಲ್ಲಿ ನಡೆಯುತ್ತದಾ ಅಂತ ಕೊಳ್ಳುವ ಮುಂಚೆ ಕಂಪನಿಯಿಂದ ಬರಹದಲ್ಲಿ ಕೇಳಿ. ಮನೆಗೇ ಬಂದು ರಿಪೇರಿ ಮಾಡುವ ಮೂರು ವರ್ಷದ ವಾರಂಟಿಯೇ ಈ ಜಾತಿಯ ಲ್ಯಾಪ್‌ಟಾಪಿನ ಅರ್ಧ ಬೆಲೆ ಅಂತ ನಾನು ಲೆಕ್ಕ ಹಾಕುತ್ತೇನೆ, ಅದೇ ಇಲ್ಲದಿದ್ದರೆ ಅಗ್ಗ ಆಯಿತು ಅನ್ನುವಂತಿಲ್ಲ.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಪನಿಗಳು ಬಳಸಿ ಬಿಟ್ಟ ವರ್ಕ್‌ಸ್ಟೇಷನ್ ಕಾಲು ಬೆಲೆಗೆ ಸಿಗುತ್ತವಂತೆ. ನಂಬಬಹುದಾ?
— ತುಮಕೂರಿನ ಓದುಗರು

ಉತ್ತರ: ನೋಡಿ ತಗೊಂಡರೆ ನಂಬಬಹುದು. ದಪ್ಪದ ಯಂತ್ರಗಳ ನಿಜವಾದ ಲಾಭ ಎರಡನೇ ಕೈಗೆ ಬಂದಾಗಲೇ ಕಾಣುವುದು: ಮೆಮೊರಿ, ಎಸ್‌ಎಸ್‌ಡಿ, ಫ್ಯಾನು, ಕೀಬೋರ್ಡು ಎಲ್ಲ ಬದಲಾಯಿಸಬಹುದು. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಿ, ಗದ್ದಲ ಕಡಿಮೆ. ಲ್ಯಾಪ್‌ಟಾಪನ್ನು ಸಮತಟ್ಟಾದ ಟೇಬಲ್ ಮೇಲೆ ಇಟ್ಟು ನಾಲ್ಕು ಮೂಲೆ ಒತ್ತಿ, ಅಲ್ಲಾಡಿದರೆ ಬ್ಯಾಟರಿ ಊದಿಕೊಂಡಿರಬಹುದು. ಆನ್ ಮಾಡಿ ಬಯೋಸ್ (ವಿಂಡೋಸ್‌ಗಿಂತ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಒಳಗೆ ಹೋಗಿ, ಪಾಸ್‌ವರ್ಡ್ ಕೇಳಿದರೆ ಅಲ್ಲೇ ವಾಪಸ್ ಕೊಡಿ, ‘ನಾಳೆ ತೆಗೆಸಿಕೊಡ್ತೀನಿ’ ಅನ್ನೋ ಮಾತು ಕೇಳಬೇಡಿ. ವಿಂಡೋಸ್ ಹೊಸದಾಗಿ ಹಾಕಿ ನೆಟ್‌ಗೆ ಕನೆಕ್ಟ್ ಮಾಡಿಸಿ ನೋಡಿ, ಹಳೇ ಕಂಪನಿಯ ಲಾಗಿನ್ ಪರದೆ ಬಂದರೆ ಅದು ಇನ್ನೂ ಅವರ ಲೆಕ್ಕದಲ್ಲೇ ಇದೆ ಅಂತ ಅರ್ಥ. ಎಂಟನೇ ಪೀಳಿಗೆಗಿಂತ ಹಳೇ ಇಂಟೆಲ್ ಬೇಡ, ವಿಂಡೋಸ್ 11 ಅದನ್ನು ಒಪ್ಪೋದಿಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟು 2025ರ ಅಕ್ಟೋಬರಿಗೇ ನಿಂತಿದೆ. ಚಾರ್ಜರ್ ಅದೇ ಕಂಪನಿಯದ್ದಾ, ಅದರ ಮೇಲೆ 170 ಅಂತ ಬರೆದಿದೆಯೋ 230 ಅಂತಲೋ ಓದಿ. ಯಂತ್ರಕ್ಕೆ 230 ಬೇಕಿದ್ದು ಅವರು 135ರದ್ದು ಕೊಟ್ಟಿದ್ದರೆ ನಿಮ್ಮ ವರ್ಕ್‌ಸ್ಟೇಷನ್ ಶಿವಮೊಗ್ಗದ ಹುಡುಗನ ಲ್ಯಾಪ್‌ಟಾಪಿನಷ್ಟೇ ಓಡುತ್ತದೆ.